ಮಿಕ್ಕ ಪದಾರ್ಥಗಳಿಗೆ ಅಡಿಗೆ ಸೂಚಿಸುವ ಯಂತ್ರ

ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಅನ್ನ, ಹೆಚ್ಚಿ ಬಿಟ್ಟ ಅರ್ಧ ಸೌತೆಕಾಯಿ, ಎರಡು ಸೌಟು ಮೊಸರು, ಇವನ್ನು ನಾವು ಅಲ್ಪವೆಂದೇ ಎಣಿಸುತ್ತೇವೆ. ಆದರೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಇದರಲ್ಲಿ ಸಿಪ್ಪೆ, ಮೂಳೆಗಳೂ ಸೇರಿವೆಯೆಂಬುದು ನಿಜ. ಆದರೂ 63 ಕೋಟಿ ಟನ್ನಿನಷ್ಟು ಹೋಟೆಲು ಅಂಗಡಿಗಳದ್ದಲ್ಲ, ಮನೆಗಳದ್ದು. ಮಿಕ್ಕ ಪದಾರ್ಥಗಳ ಹೆಸರನ್ನು ತಿಳಿಸಿದರೆ ತಕ್ಕ ಅಡಿಗೆಯನ್ನು ಸೂಚಿಸುವ ಜಾಲತಾಣವನ್ನು ಕೃತಕ ಬುದ್ಧಿಯ ನೆರವಿನಿಂದ ಕಟ್ಟಬಹುದೆ? ಕಟ್ಟಬಹುದು. ಆದರೆ ಆ ನೆರವನ್ನು ಎಲ್ಲಿ ಪಡೆಯಬೇಕು, ಎಲ್ಲಿ ಪಡೆಯಬಾರದು ಎಂಬುದನ್ನು ಮೊದಲು ತಿಳಿಯಬೇಕು.

2023ರಲ್ಲಿ ನ್ಯೂಜಿಲೆಂಡಿನ ಪ್ಯಾಕ್ ಎನ್ ಸೇವ್ ಎಂಬ ಅಂಗಡಿಗಳ ಸಂಸ್ಥೆ ಇಂಥದೇ ಒಂದು ಸಾಧನವನ್ನು ಜನರ ಮುಂದಿಟ್ಟಿತು. ಕೆಲವರು ಪರೀಕ್ಷಿಸಲೆಂದೇ ಅದಕ್ಕೆ ನೀರು, ಬ್ಲೀಚು, ಅಮೋನಿಯ ಎಂದು ಬರೆದರು. ಯಂತ್ರ ಹಿಂಜರಿಯಲಿಲ್ಲ. ಮೂರನ್ನೂ ಬೆರೆಸುವ ಕ್ರಮವನ್ನು ತಿಳಿಸಿ, ಇದು ದಾಹವನ್ನು ತಣಿಸುವ ಪಾನೀಯವೆಂದು ಹೊಗಳಿತು! ಬ್ಲೀಚು ಮತ್ತು ಅಮೋನಿಯ ಸೇರಿದರೆ ಶ್ವಾಸಕೋಶವನ್ನು ಸುಡುವ ವಿಷಾನಿಲ ಹುಟ್ಟುತ್ತದೆಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಯಂತ್ರ ಹೀಗೇಕೆ ವರ್ತಿಸಿತು? ಅದರ ಒಳಗಿದ್ದುದು ಭಾಷಾ ಮಾದರಿ. ಅಪಾರ ಬರಹವನ್ನು ಪರಿಶೀಲಿಸಿ, ಒಂದು ಪದದ ಮುಂದೆ ಯಾವ ಪದ ಬರುವುದು ಹೆಚ್ಚು ಸಂಭವನೀಯ ಎಂಬುದನ್ನು ಅದು ಗಣಿಸುತ್ತದೆ. ಪಾಕಕ್ರಮದ ವಾಕ್ಯಗಳು ಹೇಗಿರುತ್ತವೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಆದರೆ ಅದು ಬ್ಲೀಚನ್ನು ಮೂಸಿ ನೋಡಿದ್ದಲ್ಲ. ಅಂಥ ವಾಕ್ಯಗಳ ಅಚ್ಚಿನಲ್ಲಿ ಕೊಟ್ಟ ಹೆಸರುಗಳನ್ನು ಕೂರಿಸುವುದೇ ಇಲ್ಲಿ ಅದು ಮಾಡಿದ ಕೆಲಸ. ಪದಗಳ ಸಾಮೀಪ್ಯ ಬೇರೆ, ಪದಾರ್ಥಗಳ ಸಾಮೀಪ್ಯ ಬೇರೆ.

ಹಳೆಯ ಯಂತ್ರವೊಂದು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯನ್ ಹ್ಯಾಮಂಡ್ ಎಂಬವರು ರೂಪಿಸಿ 1986ರಲ್ಲಿ ವಿವರಿಸಿದ ‘ಷೆಫ್’ ಎಂಬ ಕಾರ್ಯಕ್ರಮಕ್ಕೆ ದನದ ಮಾಂಸ ಮತ್ತು ಬ್ರಾಕೊಲಿಯ ಅಡಿಗೆಯನ್ನು ಕೇಳಲಾಯಿತು. ತನಗೆ ತಿಳಿದಿದ್ದ ಮಾಂಸ ಮತ್ತು ಹುರುಳಿಕಾಯಿಯ ಅಡಿಗೆಯನ್ನೆತ್ತಿಕೊಂಡು, ಅದು ಹುರುಳಿಕಾಯಿಯ ಸ್ಥಾನದಲ್ಲಿ ಬ್ರಾಕೊಲಿಯನ್ನಿಟ್ಟಿತು. ಅನಂತರ ತನ್ನಲ್ಲಿದ್ದ ನಿಯಮಗಳಂತೆ ಅಡಿಗೆಯನ್ನು ‘ಮಾಡಿ’ ನೋಡಿದಾಗ ಬ್ರಾಕೊಲಿ ಮೆತ್ತಗಾಯಿತು. ಹುರಿಯುವಾಗ ಮಾಂಸ ಬಿಡುವ ನೀರೇ ಕಾರಣವೆಂದು ಕಂಡುಕೊಂಡು, ಎರಡನ್ನೂ ಬೇರೆಬೇರೆಯಾಗಿ ಹುರಿಯುವಂತೆ ಕ್ರಮವನ್ನು ತಿದ್ದಿತು. ಅದಕ್ಕೆ ಗೊತ್ತಿದ್ದ ಅಡಿಗೆಗಳು ಬೆರಳೆಣಿಕೆಯವು. ಆದರೂ ತಪ್ಪಿನ ಕಾರಣವನ್ನು ಹುಡುಕುವ ಶಕ್ತಿ ಅದಕ್ಕಿತ್ತು.

ಆದುದರಿಂದ ನಮ್ಮ ಜಾಲತಾಣದಲ್ಲಿ ಆಯ್ಕೆಯ ಕೆಲಸವನ್ನು ಸಾಮಾನ್ಯ ಗಣಿತಕ್ಕೇ ಬಿಡೋಣ. ಪ್ರತಿಯೊಂದು ಅಡಿಗೆಯೂ ಪದಾರ್ಥಗಳ ಒಂದು ಗಣ. ಮನೆಯಲ್ಲಿರುವುದು ಇನ್ನೊಂದು ಗಣ. ಎರಡರ ಛೇದನವನ್ನು ಹುಡುಕಿದರಾಯಿತು. ಬೇಗ ಕೆಡುವ ಪದಾರ್ಥಕ್ಕೆ ಹೆಚ್ಚು ಅಂಕ ಕೊಡಬೇಕು: ಅನ್ನಕ್ಕೆ 3, ಹೆಚ್ಚಿದ ಸೌತೆಕಾಯಿಗೆ 3, ಮೊಸರಿಗೆ 2, ನಿಂಬೆಹಣ್ಣಿಗೆ 1, ತಿಂಗಳುಗಟ್ಟಲೆ ಇರುವ ಕಡಲೆಕಾಯಿ ಬೀಜಕ್ಕೆ 0. ಅಂಗಡಿಯಿಂದ ತರಬೇಕಾದ ಪ್ರತಿ ಪದಾರ್ಥಕ್ಕೂ 1 ಅಂಕವನ್ನು ಕಳೆಯೋಣ. ಉಪ್ಪು, ಎಣ್ಣೆ, ಸಾಸಿವೆಗಳು ಎಲ್ಲ ಮನೆಗಳಲ್ಲಿಯೂ ಇರುವುದರಿಂದ ಅವನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಮನೆಯಲ್ಲಿ ಈ ಐದೂ ಇದ್ದು ಹಸಿಮೆಣಸಿನಕಾಯಿ ಮಾತ್ರ ಇಲ್ಲವೆನ್ನೋಣ. ಆಗ ಚಿತ್ರಾನ್ನಕ್ಕೆ 3+1+0–1, ಅಂದರೆ 3 ಅಂಕ. ಸೌತೆಕಾಯಿಯ ಮೊಸರುಬಜ್ಜಿಗೆ 3+2–1, ಅಂದರೆ 4. ಬಜ್ಜಿಯೇ ಮೊದಲು. ಈ ಅಂಕಗಳನ್ನು ನಾನು ಅಂದಾಜಿನಿಂದ ಇಟ್ಟಿದ್ದೇನೆ. ಬೇಸಗೆಯಲ್ಲಿ ಮೊಸರಿನ ಅಂಕವನ್ನು ಏರಿಸಲು ಓದುಗರಿಗೆ ಪೂರ್ಣ ಸ್ವಾತಂತ್ರ್ಯವುಂಟು.

ಹಾಗಾದರೆ ಕೃತಕ ಬುದ್ಧಿಗೆ ಕೆಲಸವೇನು? ಜನರ ಮಾತನ್ನು ಅರ್ಥಮಾಡಿಕೊಳ್ಳುವುದು. ಒಬ್ಬರು ಕಡಲೆಕಾಯಿ ಬೀಜ ಎಂದು ಬರೆದರೆ ಧಾರವಾಡದ ಕಡೆಯವರು ಶೇಂಗಾ ಎನ್ನುತ್ತಾರೆ. ಒಬ್ಬರ ಆಲೂಗಡ್ಡೆ ಇನ್ನೊಬ್ಬರ ಬಟಾಟೆ. ಭಾಷಾ ಮಾದರಿ ಪ್ರತಿಯೊಂದು ಪದವನ್ನೂ ಸಂಖ್ಯೆಗಳ ಸಾಲಾಗಿ ಮಾರ್ಪಡಿಸುತ್ತದೆ. ಒಂದೇ ಬಗೆಯ ವಾಕ್ಯಗಳಲ್ಲಿ ಬರುವ ಪದಗಳ ಸಂಖ್ಯೆಗಳು ಹತ್ತಿರಹತ್ತಿರ ಇರುವುದರಿಂದ ಇಂಥ ಪರ್ಯಾಯಗಳನ್ನು ಗುರುತಿಸುವುದು ಸುಲಭ. ಇಲ್ಲಿಯೂ ಎಚ್ಚರ ಬೇಕು. ಅಡಿಗೆ ಸೋಡ, ಬಟ್ಟೆ ಸೋಡಗಳ ಹೆಸರುಗಳು ಸಮೀಪದವು. ಆದರೆ ಮೊದಲನೆಯದು ಸೋಡಿಯಂ ಬೈಕಾರ್ಬೊನೇಟ್, ಎರಡನೆಯದು ಅದಕ್ಕಿಂತ ಬಹಳ ತೀಕ್ಷ್ಣವಾದ ಸೋಡಿಯಂ ಕಾರ್ಬೊನೇಟ್. ತಿನ್ನಬಹುದಾದ ಪದಾರ್ಥಗಳ ಪಟ್ಟಿಯೊಂದನ್ನು ಮನುಷ್ಯರೇ ಸಿದ್ಧಪಡಿಸಿ, ಅದರಲ್ಲಿಲ್ಲದ ಹೆಸರನ್ನು ಬಾಗಿಲಲ್ಲೇ ತಡೆಯಬೇಕು. ಮಾದರಿ ಬರೆದುಕೊಟ್ಟ ಪಾಕಕ್ರಮವನ್ನೂ ಅದೇ ಪಟ್ಟಿಯೊಡನೆ ಹೋಲಿಸಬೇಕು.

ಪಟ್ಟಿಯೊಂದರಿಂದಲೇ ಎಲ್ಲವೂ ಸರಿಹೋಗದು. ಅನ್ನ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳಿರಬಹುದು. ಅವು ಅನ್ನ ಬೇಯುವ ಶಾಖದಲ್ಲಿಯೂ ಸಾಯದೆ ಉಳಿಯಬಲ್ಲವು. ಅನ್ನವನ್ನು ಹೊರಗೇ ಬಿಟ್ಟರೆ ಅವು ಮೊಳೆತು, ವೃದ್ಧಿಯಾಗಿ, ವಾಂತಿಯನ್ನುಂಟುಮಾಡುವ ವಿಷವನ್ನು ಸ್ರವಿಸುತ್ತವೆ. ಈ ವಿಷ ಮತ್ತೆ ಬಿಸಿಮಾಡಿದರೆ ನಾಶವಾಗುವಂಥದಲ್ಲ. ಎಷ್ಟು ಘಮಘಮಿಸುವ ಒಗ್ಗರಣೆಯೂ ಅದನ್ನು ಏನೂ ಮಾಡದು. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹೊರಗಿಡದೆ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂಥ ಕಾರಣಗಳಿಂದಲೇ.

‘ಅನ್ನ’ ಎಂಬ ಪದ ಎಷ್ಟು ಹೊತ್ತಾದರೂ ಹಳಸುವುದಿಲ್ಲ, ಪದಾರ್ಥ ಹಳಸುತ್ತದೆ. ಆದಕಾರಣ ಹೆಸರಿನ ಜೊತೆಗೆ ಎರಡು ಪ್ರಶ್ನೆಗಳನ್ನು ಜಾಲತಾಣ ಕೇಳಲೇಬೇಕು: ಯಾವಾಗ ಬೇಯಿಸಿದ್ದು? ಎಲ್ಲಿ ಇಟ್ಟಿದ್ದು? ರಾತ್ರಿಯಿಡೀ ಒಲೆಯ ಪಕ್ಕದಲ್ಲಿತ್ತು ಎಂಬ ಉತ್ತರ ಬಂದರೆ ಅನ್ನವನ್ನು ಗಣದಿಂದ ತೆಗೆದುಹಾಕಬೇಕು. ಆಗ ನಮ್ಮ ಲೆಕ್ಕದಲ್ಲಿ ಚಿತ್ರಾನ್ನವೇ ಇರುವುದಿಲ್ಲ. ಮೊಸರುಬಜ್ಜಿಯ 4 ಅಂಕ ಮಾತ್ರ ಹಾಗೆಯೇ ಉಳಿಯುತ್ತದೆ; ಅದೂ ಸೌತೆಕಾಯಿ, ಮೊಸರುಗಳು ಇದೇ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟರೆ.