ಊರಿನ ಹೆಸರಲ್ಲ, ಹಾಳೆಯ ನಂಬರ್ ಕೇಳಿ

ಪ್ರಶ್ನೆ: ನಮ್ಮ ಕೆರೆಗೆ ನೀರು ತರುತ್ತಿದ್ದ ಹಳ್ಳ ಎಲ್ಲಿತ್ತು ಎಂದು ತಿಳಿಯಲು ಹಳೆಯ ಟೋಪೋಶೀಟ್ ನೋಡಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಊರಿನ ಹೆಸರು ಹಾಕಿದರೆ ಏನೂ ಸಿಗಲಿಲ್ಲ. ಹೇಗೆ ಹುಡುಕಲಿ?
– ಓದುಗರು, ತುಮಕೂರು

ಉತ್ತರ: ಸರ್ವೆ ಆಫ್ ಇಂಡಿಯಾದ ನಕ್ಷೆಗಳನ್ನು ಜೋಡಿಸಿಡುವುದು ನಂಬರಿನ ಮೇಲೆ. ಅದು ಗೊತ್ತಿದ್ದರೆ ಸಿಬ್ಬಂದಿ ಡ್ರಾಯರ್ ಎಳೆದು ಹಾಳೆ ಕೊಡುತ್ತಾರೆ, ಗೊತ್ತಿಲ್ಲದಿದ್ದರೆ ಅವರಿಗೂ ಕಷ್ಟ.

ನಂಬರನ್ನು ನೀವೇ ಲೆಕ್ಕ ಹಾಕಬಹುದು. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ದೊಡ್ಡ ಚೌಕಕ್ಕೆ ಒಂದು ಅಂಕಿ. ದಕ್ಷಿಣ ಕರ್ನಾಟಕದ ಬಹುಭಾಗ 57ನೆಯ ಚೌಕದಲ್ಲಿದೆ: ಪೂರ್ವ ರೇಖಾಂಶ 76ರಿಂದ 80, ಉತ್ತರ ಅಕ್ಷಾಂಶ 12ರಿಂದ 16. ಅದನ್ನು ಒಂದೊಂದು ಡಿಗ್ರಿಯ 16 ಭಾಗ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಎಣಿಕೆ ಎಡಗಡೆಯ ಮೇಲ್ಮೂಲೆಯಿಂದ ಕೆಳಕ್ಕೆ ಇಳಿಯುತ್ತದೆ, ಆಮೇಲೆ ಪಕ್ಕದ ಸಾಲಿನ ಮೇಲ್ತುದಿಗೆ ಹೋಗುತ್ತದೆ. ಅಡ್ಡಡ್ಡ ಎಣಿಸಿದರೆ ತಪ್ಪು ಹಾಳೆ ಕೈಗೆ ಬರುತ್ತದೆ. ಪ್ರತಿ ಅಕ್ಷರದ ಭಾಗವನ್ನು ಮತ್ತೆ ಅದೇ ಕ್ರಮದಲ್ಲಿ 16 ತುಂಡು ಮಾಡಿದರೆ ಹದಿನೈದು ನಿಮಿಷದ ಹಾಳೆ. ತುಮಕೂರು ಪಟ್ಟಣ ಸುಮಾರು 13.34 ಅಕ್ಷಾಂಶ, 77.1 ರೇಖಾಂಶದಲ್ಲಿದೆ, ಹಾಗಾಗಿ ನಿಮಗೆ ಬೇಕಾದದ್ದು 57 ಜಿ/3. ಊರು ಹಾಳೆಯ ಅಂಚಿಗೆ ಬಿದ್ದರೆ ಪಕ್ಕದ್ದನ್ನೂ ಕೇಳಬೇಕು. ಬೆಂಗಳೂರಿನ ಮೇಲೆಯೇ 13 ಡಿಗ್ರಿ ಅಕ್ಷಾಂಶ ಹಾದುಹೋಗುವುದರಿಂದ ಲಾಲ್‌ಬಾಗ್ 57 ಎಚ್/9ರಲ್ಲಿದೆ, ಭಾರತೀಯ ವಿಜ್ಞಾನ ಸಂಸ್ಥೆ 57 ಜಿ/12ರಲ್ಲಿದೆ.

ಕೇಂದ್ರ ಗ್ರಂಥಾಲಯದಲ್ಲಿ ಇಲ್ಲವೆಂದರೆ ವಾಪಸ್ ಬರಬೇಡಿ, ಭೂಗೋಳ ಮತ್ತು ಭೂವಿಜ್ಞಾನ ವಿಭಾಗಗಳಲ್ಲಿ ವಿಚಾರಿಸಿ. ವಿದ್ಯಾರ್ಥಿಗಳ ಪ್ರಾಕ್ಟಿಕಲ್‌ಗೆಂದು ತರಿಸಿದ ಹಾಳೆಗಳು ಅಲ್ಲೇ ಇರುವುದು ಹೆಚ್ಚು. ಕರಾವಳಿ, ಗಡಿ ಭಾಗದ ಕೆಲವು ಹಳೆಯ ಹಾಳೆಗಳ ಮೇಲೆ ನಿರ್ಬಂಧ ಇತ್ತು, ತುಮಕೂರಿಗೆ ಆ ತೊಡಕಿಲ್ಲ.

ಹಾಳೆ ಸಿಕ್ಕ ಕೂಡಲೇ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ನೋಡಿ. ಮುದ್ರಣದ ವರ್ಷ ಬೇರೆ, ಸರ್ವೆಯ ವರ್ಷ ಬೇರೆ. ನಿಮಗೆ ಮುಖ್ಯವಾದದ್ದು ಎರಡನೆಯದು. ಸಾಧ್ಯವಾದರೆ ಎರಡು ಆವೃತ್ತಿ ಕೇಳಿ: ಮೈಲಿಗೆ ಒಂದು ಇಂಚಿನ ಹಳೆಯದು, ಕಿಲೋಮೀಟರಿಗೆ ಎರಡು ಸೆಂಟಿಮೀಟರಿನ ಹೊಸದು. ಎರಡರ ನಂಬರೂ ಒಂದೇ, ವ್ಯಾಪ್ತಿಯೂ ಒಂದೇ. ಆದರೆ ಹಳೆಯದರಲ್ಲಿ ಎತ್ತರ ಅಡಿಗಳಲ್ಲಿದೆ, ಹೊಸದರಲ್ಲಿ ಮೀಟರುಗಳಲ್ಲಿ. ಇದನ್ನು ಮರೆತರೆ ಹೋಲಿಕೆಯೆಲ್ಲ ಕೆಡುತ್ತದೆ.

ಹಳ್ಳಕ್ಕಾಗಿ ನೀಲಿ ಬಣ್ಣವನ್ನಷ್ಟೇ ಹುಡುಕಬೇಡಿ. ವರ್ಷದ ಬಹುಕಾಲ ಒಣಗಿರುವ ಹಳ್ಳವನ್ನು ಈ ನಕ್ಷೆಗಳಲ್ಲಿ ಕಪ್ಪು ಗೆರೆಯಲ್ಲಿ ಬರೆಯುತ್ತಾರೆ. ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀರು ತರುವ ಹಳ್ಳಗಳು ಹೆಚ್ಚಾಗಿ ಇಂಥವೇ, ಅದಕ್ಕೇ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಕೆರೆಯ ಏರಿಯ ಪಕ್ಕ 5ಆರ್ ಎಂಬಂಥ ಗುರುತು ಇದ್ದರೆ, ಸುತ್ತಲ ನೆಲದಿಂದ ಏರಿ ಅಷ್ಟು ಎತ್ತರ ಎಂದರ್ಥ. ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ನಿಧಾನವಾಗಿ ನೋಡಿ. ಕಣಿವೆ ಇರುವಲ್ಲಿ ಅವು ಬಾಗಿ, ಆ ಬಾಗಿನ ಮೊನೆ ನೀರು ಬರುವ ದಿಕ್ಕಿಗೆ ತಿರುಗಿರುತ್ತದೆ. ಹೊಸ ನಕ್ಷೆಯಲ್ಲಿ ಬಡಾವಣೆ ಎದ್ದು ಹಳ್ಳದ ಗೆರೆ ಮಾಯವಾಗಿದ್ದರೂ ಹಳೆಯ ಹಾಳೆಯಲ್ಲಿ ಈ ಬಾಗುಗಳ ಸಾಲು ಹಿಡಿದು ಮೇಲಕ್ಕೆ ಹೋದರೆ ನೀರಿನ ದಾರಿ ತಿಳಿಯುತ್ತದೆ. ಇದಕ್ಕಾಗಿಯೇ ಈ ಹಾಳೆಗಳು ನಮ್ಮ ಗ್ರಂಥಾಲಯಗಳಲ್ಲಿ ಉಳಿಯಲೇಬೇಕು ಎನ್ನುತ್ತೇನೆ.

ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಪ್ರತಿ ತೆಗೆಯುವುದಿದ್ದರೆ ಹಾಳೆಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಟ್ರೇಸಿಂಗ್ ಪೇಪರ್ ಇಡಿ. ಮಡಿಕೆಯ ಗೆರೆಗಳ ಮೇಲೆ ಒತ್ತಬೇಡಿ.

ಒತ್ತುವರಿಯ ಬಗ್ಗೆ ದೂರು ಕೊಡುವ ಯೋಚನೆ ಇದ್ದರೆ ಟೋಪೋಶೀಟ್ ಒಂದೇ ಸಾಲದು. ಅದರಲ್ಲಿ ಸರ್ವೆ ನಂಬರುಗಳಿರುವುದಿಲ್ಲ. ಭೂದಾಖಲೆಗಳ ಇಲಾಖೆಯಿಂದ ಗ್ರಾಮನಕ್ಷೆಯ ಪ್ರತಿಯನ್ನೂ ಪಡೆದು ಜೊತೆಗಿಡಿ.