ದೊಡ್ಡವರಿಗೆ ಬರುವ ಇನ್ಸುಲಿನ್ ಮಧುಮೇಹ: ಚಿಕಿತ್ಸೆಗೆ ನೆರವು ಕೇಳುವ ಬಗೆ



ಸಕ್ಕರೆ ಕಾಯಿಲೆಯ ಹೆಸರು ಕೇಳದ ಹಳ್ಳಿ ಇಂದು ಇಲ್ಲ. ಆದರೆ ಅದರಲ್ಲಿ ಎರಡು ಮುಖ್ಯ ಬಗೆಗಳುಂಟೆಂಬುದು ಅನೇಕರಿಗೆ ತಿಳಿಯದು. ಹೆಚ್ಚು ಜನರಿಗೆ ಬರುವ ಬಗೆಯು ಪಥ್ಯ, ದುಡಿಮೆ, ಮಾತ್ರೆಗಳಿಂದ ಬಹುಕಾಲ ಹತೋಟಿಯಲ್ಲಿರುತ್ತದೆ. ಇನ್ನೊಂದನ್ನು ಒಂದನೆಯ ಬಗೆಯ ಮಧುಮೇಹವೆನ್ನುತ್ತಾರೆ. ಇದು ಮಕ್ಕಳ ಕಾಯಿಲೆಯೆಂಬ ಮಾತಿದ್ದರೂ, ಮೂವತ್ತು ನಲವತ್ತು ದಾಟಿದವರಿಗೂ ಬರುತ್ತದೆ. ಇದಕ್ಕೆ ದಿನವೂ ಇನ್ಸುಲಿನ್ ಚುಚ್ಚುಮದ್ದು ಬೇಕು. ದುಡ್ಡಿಲ್ಲವೆಂದು ಮದ್ದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಆದುದರಿಂದ ನೆರವು ಎಲ್ಲಿ, ಹೇಗೆ ಕೇಳಬೇಕೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಾಯಿಲೆ ಎಂಥದು?

ಕಾಲುವೆಯ ತುಂಬ ನೀರಿದ್ದರೂ ತೂಬು ತೆರೆಯದಿದ್ದರೆ ಗದ್ದೆ ಒಣಗುತ್ತದೆ. ರಕ್ತದಲ್ಲಿ ಹರಿಯುವ ಸಕ್ಕರೆಗೆ ತೂಬು ತೆರೆಯುವುದು ಇನ್ಸುಲಿನ್. ಇದನ್ನು ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ತಯಾರಿಸುತ್ತದೆ. ಒಂದನೆಯ ಬಗೆಯಲ್ಲಿ, ರೋಗ ತಡೆಯಬೇಕಾದ ದೇಹದ ಕಾವಲು ಶಕ್ತಿಯೇ ಇನ್ಸುಲಿನ್ ಮಾಡುವ ಜೀವಕಣಗಳನ್ನು ನಾಶಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸಿಹಿ ತಿಂದದ್ದರಿಂದ ಬಂದುದಲ್ಲ, ರೋಗಿಯ ತಪ್ಪೂ ಅಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಉಂಡರೂ ಮೈ ಸೊರಗುವುದು, ನಿಶ್ಶಕ್ತಿ, ಇವು ಲಕ್ಷಣಗಳು.

ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು 1921ರಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಮೊದಲು ಕೊಟ್ಟರು. ಅದಕ್ಕೆ ಮುಂಚೆ ಈ ಕಾಯಿಲೆಯವರು ಉಳಿಯುತ್ತಿರಲಿಲ್ಲ. ಈಗ ಮದ್ದು ತಪ್ಪದಿದ್ದರೆ ಬಹುಕಾಲ ದುಡಿದು ಬಾಳಬಹುದು.

ಮೊದಲ ಕೆಲಸ: ಬಗೆ ಗೊತ್ತುಮಾಡಿಕೊಳ್ಳುವುದು

ವಯಸ್ಸು ನೋಡಿ ಎರಡನೆಯ ಬಗೆಯೆಂದು ಭಾವಿಸಿ ಬರೀ ಮಾತ್ರೆ ಕೊಡುವುದುಂಟು. ಮಾತ್ರೆ ನುಂಗಿಯೂ ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಮತ್ತೆ ಕಾಣಿರಿ. ಸಿ-ಪೆಪ್ಟೈಡ್ ಮತ್ತು ಪ್ರತಿಕಾಯ ಪರೀಕ್ಷೆಗಳಿಂದ ಬಗೆ ತಿಳಿಯಲು ಸಹಾಯವಾಗುತ್ತದೆ. ‘ಒಂದನೆಯ ಬಗೆಯ ಮಧುಮೇಹ, ಇನ್ಸುಲಿನ್ ಜೀವನಪರ್ಯಂತ ಬೇಕು’ ಎಂದು ವೈದ್ಯರಿಂದ ಬರೆಸಿಕೊಳ್ಳಿರಿ. ಮುಂದಿನ ಎಲ್ಲ ಅರ್ಜಿಗಳಿಗೂ ಈ ಕಾಗದವೇ ಬೇರು.

ಎರಡನೆಯ ಕೆಲಸ: ಖರ್ಚಿನ ಲೆಕ್ಕ

ಒಂದು ಮಿ.ಲೀ.ಗೆ 40 ಯೂನಿಟ್ ಇರುವ 10 ಮಿ.ಲೀ. ಸೀಸೆಯಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 40 ಯೂನಿಟ್ ಬೇಕಾದವರಿಗೆ ಸೀಸೆ 10 ದಿನ ಬರುತ್ತದೆ. ತಿಂಗಳಿಗೆ 3 ಸೀಸೆ. ಇದಕ್ಕೆ ಸಿರಿಂಜು, ರಕ್ತಪರೀಕ್ಷೆಯ ಪಟ್ಟಿ, ಬಸ್ ಚಾರ್ಜು ಸೇರಿಸಿರಿ. ತಿಂಗಳಿಗೆ ಇಷ್ಟು ಬೇಕೆಂದು ಲೆಕ್ಕ ತೋರಿಸಿದವರಿಗೆ ನೆರವು ಕೊಡುವುದು ಸುಲಭ. ಪೆನ್ನಿನ ಬದಲು ಸೀಸೆಯ ಮದ್ದು ಅಗ್ಗವಾಗಬಹುದು. ಆದರೆ ವೈದ್ಯರನ್ನು ಕೇಳದೆ ಬದಲಾಯಿಸಕೂಡದು. 40ರ ಮದ್ದಿಗೆ 40ರ ಸಿರಿಂಜನ್ನೇ ಬಳಸತಕ್ಕದ್ದು.

ಮದ್ದು ಕೆಟ್ಟರೆ ಹಣವೂ ಹೋದಂತೆ. ತಂಪುಪೆಟ್ಟಿಗೆ ಇಲ್ಲದವರು ನೆರಳಿನಲ್ಲಿ ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಮಡಕೆಯಲ್ಲಿ, ನೀರು ತಾಗದಂತೆ, ಸೀಸೆಯನ್ನಿಡಬಹುದು. ಹೆಪ್ಪುಗಟ್ಟಿದ ಮದ್ದನ್ನು ಬಳಸಬೇಡಿರಿ.

ಮೂರನೆಯ ಕೆಲಸ: ನೆರವು ಕೇಳುವುದು

1. ಸರ್ಕಾರಿ ಆಸ್ಪತ್ರೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ಹೆಸರು ಬರೆಸಿರಿ. ಇನ್ಸುಲಿನ್ ನಮ್ಮ ದೇಶದ ಅತ್ಯಾವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. ಅಲ್ಲಿ ಮದ್ದು ಮುಗಿದಿದ್ದರೆ ಸುಮ್ಮನೆ ಹಿಂದಿರುಗದೆ, ಯಾವಾಗ ಬರುವುದೆಂದು ವೈದ್ಯಾಧಿಕಾರಿಗಳನ್ನು ಕೇಳಿರಿ.

2. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2018ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಅರ್ಹ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಇದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿ ಪಡೆಯುವ ಚಿಕಿತ್ಸೆಗೆ. ಮನೆಯ ದಿನದ ಇನ್ಸುಲಿನ್ನಿಗೆ ಇದನ್ನು ನಂಬಿ ಕೂರಬೇಡಿರಿ.

3. ಯಶಸ್ವಿನಿ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, ಮತ್ತೆ ಆರಂಭವಾಗಿದೆ. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಆದುದು.

4. ಮುಖ್ಯಮಂತ್ರಿಗಳ ಪರಿಹಾರ ನಿಧಿ. ಆಸ್ಪತ್ರೆಯ ದೊಡ್ಡ ಖರ್ಚು ಬಂದಾಗ ಬಿಲ್ಲುಗಳೊಡನೆ ಅರ್ಜಿ ಹಾಕಬಹುದು. ಕೊಟ್ಟೇ ಕೊಡುತ್ತಾರೆಂಬ ನಿಯಮವಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹ ಸೇರಿಲ್ಲ. ಆದುದರಿಂದ ಅಂಗವಿಕಲರ ಮಾಸಾಶನ ಕೊಡಿಸುವೆನೆಂದು ದುಡ್ಡು ಕೇಳುವ ಮಧ್ಯವರ್ತಿಯನ್ನು ನಂಬಬೇಡಿರಿ.

ಅರ್ಜಿಯ ಮಾದರಿ

‘ಮಾನ್ಯರೇ, ನಾನು ........ ಗ್ರಾಮದ ರೈತ, ವಯಸ್ಸು ...... ನನಗೆ ........ ಎಕರೆ ಜಮೀನಿದ್ದು, ವರ್ಷದ ಆದಾಯ ........ ರೂಪಾಯಿ. ನನ್ನನ್ನು ನಂಬಿದವರು ...... ಮಂದಿ. ನನಗೆ ಒಂದನೆಯ ಬಗೆಯ ಮಧುಮೇಹವಿದೆಯೆಂದು ........ ಆಸ್ಪತ್ರೆಯ ವೈದ್ಯರು ತಿಳಿಸಿದ್ದಾರೆ. ಆಸ್ಪತ್ರೆಯ ಖರ್ಚು ........ ರೂಪಾಯಿ. ಮುಂದೆ ಮದ್ದಿಗೆ ತಿಂಗಳಿಗೆ ........ ರೂಪಾಯಿ ಬೇಕು. ನನ್ನಿಂದ ಆಗುವುದು ........ ರೂಪಾಯಿ. ಉಳಿದುದಕ್ಕೆ ನೆರವು ನೀಡಬೇಕಾಗಿ ಪ್ರಾರ್ಥನೆ.’

ವೈದ್ಯರ ಪತ್ರ, ಬಿಲ್ಲು, ಪಡಿತರ ಚೀಟಿ, ಆಧಾರ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕದ ನಕಲು ಲಗತ್ತಿಸಿರಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ಕಷ್ಟ ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಎತ್ತು ಮಾರುವ ಮುಂಚೆ ಅರ್ಜಿ ಬರೆಯಿರಿ. ಬೆಳೆಸಾಲವನ್ನು ಮದ್ದಿಗೆ ಹಾಕಿ ಕಂತು ತಪ್ಪಿಸಿದರೆ ಬಡ್ಡಿಯ ರಿಯಾಯಿತಿಯೂ ಹೋಗುತ್ತದೆ.

ಎಚ್ಚರಿಕೆ

ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ, ಮಂಕು ಕಂಡರೆ ಇದು ತುರ್ತು. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿರಿ. ಕಾಗದಪತ್ರಗಳನ್ನು ಆಮೇಲೆ ತರಬಹುದು. ಕಾಯಿಲೆಯನ್ನು ಬೇರುಸಹಿತ ಕೀಳುತ್ತೇನೆನ್ನುವವರ ಪುಡಿ, ಕಷಾಯ ನಂಬಿ ಇನ್ಸುಲಿನ್ ಬಿಡಕೂಡದು.

ಚರ್ಚಾಕೂಟಕ್ಕೆ ಪ್ರಶ್ನೆಗಳು

1. ದಿನಕ್ಕೆ 20 ಯೂನಿಟ್ ಬೇಕಾದವರಿಗೆ 400 ಯೂನಿಟ್ ಸೀಸೆ ಎಷ್ಟು ದಿನ ಬರುತ್ತದೆ?
2. ಮನೆಯ ಇನ್ಸುಲಿನ್ನಿಗೆ ಎಲ್ಲಿ ಕೇಳಬೇಕು? ಆಸ್ಪತ್ರೆಯ ಖರ್ಚಿಗೆ ಎಲ್ಲಿ ಕೇಳಬೇಕು?
3. ನಮ್ಮ ಊರಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಯಾರು? ಅವರ ಅರ್ಜಿ ಬರೆಯಲು ಯಾರು ನೆರವಾಗುವಿರಿ?