ಟರ್ಬೊ ಬದಲಿಸುವ ಮುನ್ನ

ಹನೂರು ದಾಟಿ ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಜನ ತುಂಬಿಕೊಂಡು ಹತ್ತುವ ಡೀಸೆಲ್ ಗಾಡಿಯವರೇ, ಒಂದು ಮಾತು. ಟರ್ಬೊ ಹೋಯಿತೆಂದು ಕೊಳ್ಳೇಗಾಲದಲ್ಲಿ ಬೇರೆ ಕಂಪನಿಯದು ಹಾಕಿಸುವುದು ತಪ್ಪಲ್ಲ. ಆದರೆ ಹಳೆಯದು ಯಾಕೆ ಹೋಯಿತೆಂದು ಮೊದಲು ಕೇಳಿ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಅದರ ಶಾಫ್ಟ್ ನಿಂತಿರುವುದು ತೆಳ್ಳನೆಯ ಆಯಿಲ್ ಪದರದ ಮೇಲೆ. ಆಯಿಲ್ ಪೈಪಿನಲ್ಲಿ ಕರಿ ಕಟ್ಟಿದ್ದರೆ ಹೊಸದೂ ಬಾಳುವುದಿಲ್ಲ, ಪೈಪನ್ನೇ ಬದಲಿಸಿ. ಎಂಜಿನ್ ಆಯಿಲ್, ಫಿಲ್ಟರ್ ಹೊಸದಿರಲಿ. ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ತೊಳೆಸಿ. ಆಯಿಲ್ ಪೈಪಿನ ಗ್ಯಾಸ್ಕೆಟ್‌ಗೆ ಪೇಸ್ಟ್ ಬಳಿಯಲು ಮಾತ್ರ ಬಿಡಲೇಬೇಡಿ, ಅದರ ಚೂರು ಕಿತ್ತು ಬಂದು ಆಯಿಲ್ ದಾರಿ ಮುಚ್ಚುತ್ತದೆ. ಹೊಸ ಟರ್ಬೊದ ಪಾರ್ಟ್ ನಂಬರ್ ನಿಮ್ಮ ಎಂಜಿನ್‌ಗೆ ಹೊಂದಬೇಕು. ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಒಳಗೆ ಶುದ್ಧ ಆಯಿಲ್ ಹುಯ್ಯಿಸಿ. ಬೆಟ್ಟ ಹತ್ತಿದೊಡನೆ ಎಂಜಿನ್ ಆಫ್ ಮಾಡದೆ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ.